ಅಮೆಡಿಯೊ ಅವೊಗಾಡ್ರೊ

ಈ ಶಾಲೆಯಲ್ಲಿ ನನ್ನಿಂದ ರಸಾಯನಶಾಸ್ತ್ರ ಕಲಿತವರಿಗೆ 22.4 ಲೀಟರ್ ಎಂಬ ಸಂಖ್ಯೆ ಮರೆತಿರಲಾರದು. ಅದರ ಹಿಂದಿರುವ ಮನುಷ್ಯನ ಚರಿತ್ರೆಯನ್ನು ಹೇಳಲು ಮಾತ್ರ ಪಾಠದ ಅವಧಿಯಲ್ಲಿ ವೇಳೆ ಸಾಲುತ್ತಿರಲಿಲ್ಲ. ಅದನ್ನು ಇಲ್ಲಿ ಹೇಳುತ್ತೇನೆ.

ಅವೊಗಾಡ್ರೊ 1776ರ ಆಗಸ್ಟ್ 9ರಂದು ಇಟಲಿಯ ಟ್ಯೂರಿನ್ ನಗರದಲ್ಲಿ, ವಕೀಲರ ಮನೆತನದಲ್ಲಿ ಜನಿಸಿದನು. 1796ರಲ್ಲಿ ಕ್ರೈಸ್ತ ಧರ್ಮಶಾಸನದಲ್ಲಿ ಡಾಕ್ಟರೇಟ್ ಪಡೆದು ವಕೀಲಿ ವೃತ್ತಿಯನ್ನು ಹಿಡಿದನು. ಆದರೆ ಮನಸ್ಸು ಭೌತಶಾಸ್ತ್ರ, ಗಣಿತಗಳತ್ತ ಹೊರಳಿತು. 1809ರಲ್ಲಿ ವೆರ್ಚೆಲ್ಲಿ ಎಂಬ ಚಿಕ್ಕ ಊರಿನ ಕಾಲೇಜಿನಲ್ಲಿ ಅಧ್ಯಾಪಕನಾದನು.

ಅನಿಲಗಳು ಸರಳ ಗಾತ್ರಾನುಪಾತದಲ್ಲಿ ಸಂಯೋಗ ಹೊಂದುತ್ತವೆಂದು ಫ್ರಾನ್ಸಿನ ಗೇ ಲುಸಾಕ್ ಆಗತಾನೆ ತೋರಿಸಿದ್ದನು. ಎರಡು ಪಾಲು ಜಲಜನಕ, ಒಂದು ಪಾಲು ಆಮ್ಲಜನಕ ಸೇರಿದರೆ ಎರಡು ಪಾಲು ನೀರಾವಿ. ಮೂರೇಕಲ್ಲ ಸಾರ್ ಎಂದು ಪ್ರತಿವರ್ಷವೂ ಒಬ್ಬನಾದರೂ ಕೇಳುತ್ತಿದ್ದನು. ಕೇಳದಿದ್ದ ವರ್ಷ ನನಗೇ ಬೇಸರ. ಒಂದು ಪಾಲು ಆಮ್ಲಜನಕ ಎರಡು ಪಾಲು ನೀರಾವಿಗೆ ಹಂಚಿಹೋಗಬೇಕಾದರೆ ಅದರ ಕಣ ಒಡೆಯಲೇಬೇಕು. ಪರಮಾಣು ಒಡೆಯದೆಂದು ನಂಬಿದ್ದ ಡಾಲ್ಟನ್, ಗೇ ಲುಸಾಕನ ಅಳತೆಯನ್ನೇ ಒಪ್ಪಲಿಲ್ಲ.

ಅವೊಗಾಡ್ರೊ 1811ರಲ್ಲಿ ತೊಡಕನ್ನು ಬಿಡಿಸಿದನು. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆ ಸಮ. ಆಮ್ಲಜನಕದ ಅಣುವೇ ಜೋಡಿಯಾಗಿದ್ದು, ಸಂಯೋಗದಲ್ಲಿ ಇಬ್ಭಾಗವಾಗುತ್ತದೆ. ನಮ್ಮ ಕನ್ನಡ ಪುಸ್ತಕಗಳಲ್ಲಿ ಅಣು, ಪರಮಾಣು ಎಂದು ಎರಡು ಪದಗಳಿವೆ. ಅವನಾದರೋ ಒಂದೇ ಪದಕ್ಕೆ ಬೇರೆ ಬೇರೆ ವಿಶೇಷಣ ಹಚ್ಚಿ ಈ ಭೇದವನ್ನು ಹೇಳಬೇಕಾಯಿತು.

ಯಾರೂ ಕಿವಿಗೊಡಲಿಲ್ಲ. ಒಂದೇ ಜಾತಿಯ ಪರಮಾಣುಗಳು ಜೊತೆಗೂಡಲಾರವೆಂಬುದು ಬರ್ಜೀಲಿಯಸನಂಥ ಪಂಡಿತರ ಮತವಾಗಿತ್ತು. 1820ರಲ್ಲಿ ಟ್ಯೂರಿನ್ ವಿಶ್ವವಿದ್ಯಾಲಯದಲ್ಲಿ ದೊರೆತ ಪೀಠವೂ ಮರುವರ್ಷದ ರಾಜಕೀಯ ದಂಗೆಯ ತರುವಾಯ ಮುಚ್ಚಿಹೋಯಿತು. 1834ರಲ್ಲಿ ಅದೇ ಪೀಠಕ್ಕೆ ಮರಳಿ, 1850ರವರೆಗೆ ಪಾಠ ಹೇಳಿ, 1856ರ ಜುಲೈ 9ರಂದು ತೀರಿಕೊಂಡನು. ನಾಲ್ಕೇ ವರ್ಷಗಳ ಬಳಿಕ, 1860ರಲ್ಲಿ, ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ನೆರೆದ ರಸಾಯನಶಾಸ್ತ್ರಜ್ಞರ ಸಮ್ಮೇಳನದಲ್ಲಿ ಅವನ ನಾಡಿನವನೇ ಆದ ಕಾನಿಜ್ಜಾರೊ ಈ ತತ್ತ್ವವನ್ನು ಎತ್ತಿಹಿಡಿದನು. ಅಲ್ಲಿ ಹಂಚಿದ ಅವನ ಕಿರುಹೊತ್ತಗೆಯನ್ನು ಓದಿದವರು ಒಬ್ಬೊಬ್ಬರಾಗಿ ಒಪ್ಪತೊಡಗಿದರು.

ಮೋಲ್ ಎಂಬ ಮಾತು ಅವೊಗಾಡ್ರೊನದಲ್ಲ. ಒಂದು ಮೋಲಿನಲ್ಲಿರುವ ಅಣುಗಳ ಸಂಖ್ಯೆ, 6.022 ಗುಣಿಸು 10ರ 23ನೆಯ ಘಾತ, ಅವನಿಗೆ ತಿಳಿದೂ ಇರಲಿಲ್ಲ. ಅದಕ್ಕೆ ಅವನ ಹೆಸರಿಟ್ಟವನು 1909ರಲ್ಲಿ ಫ್ರಾನ್ಸಿನ ಪೆರಿನ್. ಆದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್, ಒಂದು ವಾಯುಭಾರ ಒತ್ತಡದಲ್ಲಿ 11.2 ಲೀಟರ್ ಆಮ್ಲಜನಕವೆಂದರೆ ಅರ್ಧ ಮೋಲ್, 16 ಗ್ರಾಂ, ಅದಕ್ಕೆ 22.4 ಲೀಟರ್, ಎಂದರೆ 2 ಗ್ರಾಂ ಜಲಜನಕ ಕೂಡಿದರೆ 18 ಗ್ರಾಂ ನೀರು ಎಂದು ನಮ್ಮ ಮಕ್ಕಳು ತಕ್ಕಡಿ ಮುಟ್ಟದೆ ಲೆಕ್ಕ ಹಾಕುವುದು ವೆರ್ಚೆಲ್ಲಿಯ ಆ ಮೇಷ್ಟರ ಆಧಾರದ ಮೇಲೆಯೇ.