ಮೂಲಮಾನವಾಗಿ ಉಳಿದ ಜೌಲ್

ಶಕ್ತಿಯ ಲೆಕ್ಕದ ಕೊನೆಯಲ್ಲಿ ನಾವು ಬರೆಸುವ ‘ಜೌಲ್’ ಒಬ್ಬ ವ್ಯಕ್ತಿಯ ಹೆಸರು. ಜೇಮ್ಸ್ ಪ್ರೆಸ್ಕಾಟ್ ಜೌಲ್ 1818ರಲ್ಲಿ ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ ಜನಿಸಿದರು. ಮನೆತನದ ಕಸುಬು ಬಿಯರ್ ತಯಾರಿಕೆ. ಪರಮಾಣುವಾದದ ಡಾಲ್ಟನ್ ಕೆಲಕಾಲ ಅವರ ಗುರುಗಳು.

ಆಗ ಉಷ್ಣವೆಂದರೆ ಬಿಸಿ ವಸ್ತುವಿನಿಂದ ತಣ್ಣನೆಯದಕ್ಕೆ ಹರಿಯುವ, ಕಣ್ಣಿಗೆ ಕಾಣದ ದ್ರವವೆಂದೇ ಹಲವರ ನಂಬಿಕೆ. ನಾನು ಕಂಡಂತೆ ನಮ್ಮ ಮಕ್ಕಳೂ ಬಹುಮಟ್ಟಿಗೆ ಹೀಗೆಯೇ ಯೋಚಿಸುತ್ತಾರೆ. ಜೌಲ್ ಒಪ್ಪಲಿಲ್ಲ. 1843ರಲ್ಲಿ ಅವರು ತಮ್ಮ ಫಲಿತಾಂಶ ಮಂಡಿಸಿದಾಗ ಸಭೆ ಮೌನವಾಗಿತ್ತು. ಮರುವರ್ಷ ರಾಯಲ್ ಸೊಸೈಟಿ ಅವರ ಪ್ರಬಂಧವನ್ನು ಪ್ರಕಟಿಸಲೊಪ್ಪಲಿಲ್ಲ. ಅವರು ಬಿಡಲಿಲ್ಲ. ಕೆಳಗಿಳಿಯುವ ತೂಕಗಳಿಂದ ನೀರಿನೊಳಗೆ ರೆಕ್ಕೆಚಕ್ರ ತಿರುಗಿಸಿ, ಕಡೆದ ನೀರಿನ ತಾಪ ಎಷ್ಟು ಏರಿತೆಂದು ಅಳೆದರು. 1847ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಯುವಕ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು, ಇದರ ಮಹತ್ವ ಗುರುತಿಸಿದರು.

ಜಲಪಾತದ ತಳದ ನೀರು ತುಸು ಬೆಚ್ಚಗಿರಬೇಕೆಂಬುದೂ ಜೌಲ್ ತರ್ಕ. ಅವರು ನಯಾಗರಾದ ಲೆಕ್ಕ ಹಾಕಿದ್ದರು. ಮುತ್ತತ್ತಿಯ ಮಕ್ಕಳಿಗೆ ನಯಾಗರಾ ಏಕೆ? ಅವರ ಕಾವೇರಿ ಶಿವನಸಮುದ್ರದಲ್ಲಿ ಧುಮುಕಿಯೇ ಬರುತ್ತದೆ. ಎತ್ತರ ಸುಮಾರು 100 ಮೀಟರ್ ಎಂದುಕೊಂಡು ಪಾಠ ಯೋಜನೆಯಲ್ಲಿ ಲೆಕ್ಕ ಮಾಡಿದೆ: 9.8ನ್ನು 100ರಿಂದ ಗುಣಿಸಿ 4,186ರಿಂದ ಭಾಗಿಸಿದರೆ ಹೆಚ್ಚೆಂದರೆ 0.23 ಡಿಗ್ರಿ ಸೆಲ್ಸಿಯಸ್. 1902ರಿಂದ ಅಲ್ಲಿ ಟರ್ಬೈನ್ ತಿರುಗಿಸಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತಾಗಿ ಹೋದ ಶಕ್ತಿ ಮಾತ್ರ ನೀರನ್ನು ಬೆಚ್ಚಗಾಗಿಸಲಿಲ್ಲ.

ಜೌಲ್ 1889ರಲ್ಲಿ ತೀರಿಕೊಂಡರು. ಅವರ ಸಮಾಧಿಕಲ್ಲಿನ ಮೇಲೆ 772.55 ಎಂದು ಕೆತ್ತಿದೆ: ಒಂದು ಪೌಂಡ್ ನೀರಿನ ತಾಪವನ್ನು ಒಂದು ಫ್ಯಾರನ್‌ಹೀಟ್ ಡಿಗ್ರಿ ಏರಿಸಲು ಒಂದು ಪೌಂಡ್ ತೂಕ ಇಳಿಯಬೇಕಾದ ಅಡಿಗಳ ಸಂಖ್ಯೆ.