ಕೆ. ವೆಂಕಟಪ್ಪ

ಕೆ. ವೆಂಕಟಪ್ಪ (1886–1965) ಮೈಸೂರಿನ ಚಿತ್ರಗಾರ ಮನೆತನದಲ್ಲಿ ಜನಿಸಿದ ಹೆಸರಾಂತ ಚಿತ್ರಕಲಾವಿದರು, ಉಬ್ಬುಶಿಲ್ಪಿ ಹಾಗೂ ವೈಣಿಕರು. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯನ್ನು ಸೇರಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು.

ಜಪಾನಿ ಚಿತ್ರಕಲೆಯ ಪ್ರಭಾವ ಅವರನ್ನು ತಲುಪಿದ್ದು ಈ ಗುರುವಿನ ಮೂಲಕ. 1903ರಲ್ಲಿ ಕಲ್ಕತ್ತೆಗೆ ಬಂದಿದ್ದ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೊ ಅವರು ಚಿತ್ರ ಬರೆಯುವ ರೀತಿಯನ್ನು ಕಂಡು ಅವನೀಂದ್ರನಾಥರು ‘ವಾಶ್’ ವಿಧಾನವನ್ನು ರೂಪಿಸಿಕೊಂಡಿದ್ದರು. ಬಣ್ಣ ಹಚ್ಚಿದ ಹಾಳೆಯನ್ನು ನೀರಿನಲ್ಲಿ ಅದ್ದಿ, ಒಣಗಿಸಿ, ಅದರ ಮೇಲೆ ಮತ್ತೆ ತೆಳುವರ್ಣ ಹಾಯಿಸುವುದು ಇದರ ಕ್ರಮ. ಹಲವು ಬಾರಿ ಹೀಗೆ ಮಾಡಿದಾಗ ರೇಖೆಗಳು ಕರಗಿ, ಚಿತ್ರಕ್ಕೆ ಮಂಜು ಕವಿದಂತಹ ಮಾರ್ದವ ಬರುತ್ತದೆ. ಸೋದರಿ ನಿವೇದಿತಾ ಹಾಗೂ ಆನಂದ ಕುಮಾರಸ್ವಾಮಿಯವರ ಪುರಾಣಕಥಾ ಗ್ರಂಥಕ್ಕೆ (1913) ವೆಂಕಟಪ್ಪನವರು ರಾಮಾಯಣದ ಚಿತ್ರಗಳನ್ನು ರಚಿಸಿಕೊಟ್ಟರು.

ಆದರೆ ಅವರು ಆ ಶೈಲಿಯಲ್ಲಿಯೇ ನಿಲ್ಲಲಿಲ್ಲ. ಮೈಸೂರಿಗೆ ಮರಳಿದ ಮೇಲೆ, 1920ರ ದಶಕದಲ್ಲಿ ಉದಕಮಂಡಲ ಮತ್ತು ಕೊಡೈಕೆನಾಲ್‌ಗಳಲ್ಲಿ ಬರೆದ ಜಲವರ್ಣಗಳಲ್ಲಿ ಕಣ್ಣಿಗೆ ಕಂಡ ಬೆಟ್ಟ, ಮೋಡ, ಬೆಳದಿಂಗಳುಗಳು ನಿಖರವಾಗಿ ಮೂಡಿವೆ. ನಿಜವಾದ ಮಂಜಿನ ಊರಿಗೆ ಹೋದಾಗಲೇ ಅವರ ಚಿತ್ರ ತಿಳಿಯಾಯಿತೆನ್ನಬಹುದು. ಅವರ ಶ್ರೇಷ್ಠ ಕೃತಿಗಳು ಇವೇ.

ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತ ಅವರು ಅವಿವಾಹಿತರಾಗಿಯೇ ಉಳಿದರು. 1940ರಲ್ಲಿ ಒಡೆಯರು ತೀರಿಕೊಂಡ ಬಳಿಕ ಅರಮನೆಯ ಉಬ್ಬುಶಿಲ್ಪಗಳ ಕೆಲಸ ನಿಂತುಹೋಯಿತು. ಆಶ್ರಯ ನೀಡಿದ್ದ ಅರಮನೆಯ ವಿರುದ್ಧವೇ ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಕಲಾವಿದನ ದುಡಿಮೆ ದಾನವಲ್ಲ, ಅದಕ್ಕೆ ತಕ್ಕ ಬೆಲೆಯುಂಟು ಎಂಬುದು ಅವರ ನಿಲುವಾಗಿತ್ತು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ಅವರ ಕೃತಿಗಳನ್ನು ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿ ಇರಿಸಲಾಗಿದೆ.