ಓಮ್ ನಿಯಮದ ಹಿಂದಿನ ಮೇಷ್ಟ್ರು: ತಪ್ಪು ಸೂತ್ರದಿಂದ ಸರಿಯಾದ ಪ್ರಯೋಗದವರೆಗೆ

ನೀಟ್ ಮತ್ತು ಜೆಇಇ ಮೇನ್ ಪರೀಕ್ಷೆಗಳ ಭೌತಶಾಸ್ತ್ರ ಪಠ್ಯಕ್ರಮದಲ್ಲಿ ಪ್ರಯೋಗ ಕೌಶಲಗಳದ್ದೇ ಒಂದು ಘಟಕವಿದೆ. ವರ್ನಿಯರ್ ಕ್ಯಾಲಿಪರ್ಸ್, ಸರಳ ಲೋಲಕ, ಮೀಟರ್ ಬ್ರಿಡ್ಜ್‌ಗಳ ಜೊತೆಗೆ ಓಮ್ ನಿಯಮದ ಪ್ರಯೋಗವೂ ಅದರಲ್ಲಿದೆ. ಸೂತ್ರ ಬಾಯಿಪಾಠ ಮಾಡಿದರೆ ಈ ಪ್ರಶ್ನೆಗಳನ್ನು ಬಿಡಿಸಬಹುದು ಎಂದು ಹಲವರು ನಂಬಿದ್ದಾರೆ. ಆದರೆ ಆ ನಿಯಮ ಕಂಡುಹಿಡಿದವರಿಗೇ ಮೊದಲು ಸಿಕ್ಕಿದ್ದು ತಪ್ಪು ಸೂತ್ರ. ಅದನ್ನು ಸರಿಪಡಿಸಿದ್ದು ಪ್ರಯೋಗ.

ಬೀಗ ಮಾಡುವವರ ಮಗ

ಜಾರ್ಜ್ ಸೈಮನ್ ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಇಂದಿನ ಜರ್ಮನಿಯ ಎರ್ಲಾಂಗನ್‌ನಲ್ಲಿ. ತಂದೆ ಬೀಗ ಮಾಡುವ ಕಸುಬಿನವರು. ತಾವೇ ಓದಿ ಗಣಿತ ಕಲಿತು ಮಕ್ಕಳಿಗೂ ಹೇಳಿಕೊಟ್ಟರು. ಓಮ್ ಹತ್ತು ವರ್ಷದವರಿದ್ದಾಗ ತಾಯಿ ತೀರಿಕೊಂಡರು. 1805ರಲ್ಲಿ ವಿಶ್ವವಿದ್ಯಾಲಯ ಸೇರಿದ ಹುಡುಗ ಓದಿಗಿಂತ ನೃತ್ಯ, ಬಿಲಿಯರ್ಡ್ಸ್‌ಗಳಲ್ಲೇ ಮುಳುಗಿದ್ದರಿಂದ ತಂದೆ ಸಿಟ್ಟಾದರು. ಮೂರು ಸೆಮಿಸ್ಟರ್‌ಗೆ ಓದು ನಿಂತಿತು. ಸ್ವಿಟ್ಜರ್ಲೆಂಡಿನಲ್ಲಿ ಗಣಿತದ ಮೇಷ್ಟ್ರಾಗಿ ದುಡಿದು, ಸ್ವಂತವಾಗಿ ಓದಿ, 1811ರಲ್ಲಿ ಎರ್ಲಾಂಗನ್‌ನಿಂದಲೇ ಡಾಕ್ಟರೇಟ್ ಪಡೆದರು. 1817ರಲ್ಲಿ ಕಲೋನ್ ನಗರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಒಳ್ಳೆಯ ಪ್ರಯೋಗಾಲಯವಿತ್ತು.

ಕೋಶ ಬದಲಿಸಿದಾಗ ಸೂತ್ರವೂ ಬದಲಾಯಿತು

ತಂತಿ ಉದ್ದವಾದಂತೆ ವಿದ್ಯುತ್ ಪ್ರವಾಹ ಎಷ್ಟು ಕುಗ್ಗುತ್ತದೆ? ಓಮ್ ಕೈಗೆತ್ತಿಕೊಂಡ ಪ್ರಶ್ನೆ ಇದು. 1825ರಲ್ಲಿ ಅವರು ಪ್ರಕಟಿಸಿದ ಉತ್ತರ ಲಾಗರಿದಮ್ ರೂಪದಲ್ಲಿತ್ತು, ಅದು ಸರಿಯಾಗಿರಲಿಲ್ಲ. ಆ ಕಾಲದ ರಾಸಾಯನಿಕ ಕೋಶಗಳ ಬಲ ಪ್ರಯೋಗ ನಡೆಯುತ್ತಿರುವಾಗಲೇ ಇಳಿಯುತ್ತಿತ್ತು. ಹೀಗಾಗಿ ಪ್ರವಾಹ ಕುಗ್ಗಿದ್ದು ತಂತಿಯಿಂದಲೋ ಕೋಶದಿಂದಲೋ ಹೇಳುವುದು ಕಷ್ಟವಾಗಿತ್ತು.

ವಿಜ್ಞಾನಿ ಪೊಗೆನ್‌ಡಾರ್ಫ್ ಅವರ ಸಲಹೆಯಂತೆ ಓಮ್ ಉಷ್ಣಯುಗ್ಮಕ್ಕೆ ಬದಲಾಯಿಸಿಕೊಂಡರು. ಬಿಸ್ಮತ್ ಮತ್ತು ತಾಮ್ರ ಸೇರುವ ಒಂದು ಸಂಧಿ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ಎರಡರ ತಾಪವೂ ಬದಲಾಗದ ಕಾರಣ ವಿದ್ಯುತ್ ಮೂಲ ಸ್ಥಿರವಾಯಿತು. ಪ್ರವಾಹ ಅಳೆಯಲು ತಂತಿಯ ಮೇಲೆ ಕಾಂತಸೂಜಿ ತೂಗುಹಾಕಿ, ವಾಲಿದ ಸೂಜಿಯನ್ನು ಮೊದಲಿನ ಜಾಗಕ್ಕೆ ತರಲು ಎಷ್ಟು ತಿರುಚಬೇಕೆಂದು ನೋಡಿದರು. ಬೇರೆ ಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು.

1826ರಲ್ಲಿ ಸಿಕ್ಕ ಸೂತ್ರವನ್ನು ಇಂದಿನ ಮಾತಿನಲ್ಲಿ ಹೀಗೆ ಹೇಳಬಹುದು: ಪ್ರವಾಹ = ವಿದ್ಯುಚ್ಚಾಲಕ ಬಲ ÷ (ಹೊರಗಿನ ರೋಧ + ಮೂಲದ ಆಂತರಿಕ ರೋಧ).

ಪರೀಕ್ಷೆಗೆ ಇದರಿಂದೇನು?

ಪ್ರವಾಹದ ವ್ಯುತ್ಕ್ರಮವನ್ನು ಹೊರಗಿನ ರೋಧದ ಎದುರು ಗ್ರಾಫ್ ಮಾಡಿದರೆ ಸರಳರೇಖೆ ಏಕೆ ಬರುತ್ತದೆ ಎಂಬುದು ಮೇಲಿನ ಸೂತ್ರದಲ್ಲೇ ಇದೆ. ಆ ರೇಖೆಯ ಇಳಿಜಾರು ವಿದ್ಯುಚ್ಚಾಲಕ ಬಲದ ವ್ಯುತ್ಕ್ರಮ. ರೇಖೆ ಲಂಬ ಅಕ್ಷವನ್ನು ಛೇದಿಸುವ ಬೆಲೆಯನ್ನು ಇಳಿಜಾರಿನಿಂದ ಭಾಗಿಸಿದರೆ ಆಂತರಿಕ ರೋಧ ಸಿಗುತ್ತದೆ.

ಓದು ತೆಗೆದುಕೊಳ್ಳುವಾಗ ಮಾತ್ರ ಕೀಲಿ ಒತ್ತಿ ಎಂದು ಲ್ಯಾಬ್‌ನಲ್ಲಿ ಹೇಳುವುದಕ್ಕೂ ಕಾರಣವಿದೆ. ಪ್ರವಾಹ ಹರಿಯುತ್ತಲೇ ಇದ್ದರೆ ತಂತಿ ಬಿಸಿಯಾಗಿ ಅದರ ರೋಧ ಬದಲಾಗುತ್ತದೆ, ಕೋಶವೂ ಸೊರಗುತ್ತದೆ. ಓಮ್ ಅವರನ್ನು 1825ರಲ್ಲಿ ದಾರಿ ತಪ್ಪಿಸಿದ್ದು ಇಂಥದ್ದೇ ತೊಂದರೆ.

ತಡವಾಗಿ ಬಂದ ಮನ್ನಣೆ

1827ರಲ್ಲಿ ಓಮ್ ತಮ್ಮ ಸಿದ್ಧಾಂತವನ್ನು ಬರ್ಲಿನ್‌ನಲ್ಲಿ ಪುಸ್ತಕವಾಗಿ ತಂದರು. ಗಣಿತವೇ ತುಂಬಿದ್ದ ಆ ಪುಸ್ತಕಕ್ಕೆ ಸ್ವಾಗತ ಸಿಗಲಿಲ್ಲ. ಮರುವರ್ಷ ಕಲೋನ್‌ನ ಕೆಲಸಕ್ಕೆ ರಾಜೀನಾಮೆ ಕೊಟ್ಟರು. 1833ರಲ್ಲಷ್ಟೇ ನ್ಯೂರೆಂಬರ್ಗ್‌ನ ಪಾಲಿಟೆಕ್ನಿಕ್‌ನಲ್ಲಿ ಹುದ್ದೆ ದೊರೆಯಿತು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲೆ ಪದಕ ನೀಡಿತು. ಮ್ಯೂನಿಕ್‌ನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದಾಗ 1852. ಎರಡೇ ವರ್ಷದಲ್ಲಿ, 1854ರ ಜುಲೈ 6ರಂದು, ತೀರಿಕೊಂಡರು. 1881ರ ಪ್ಯಾರಿಸ್ ವಿದ್ಯುತ್ ಸಮ್ಮೇಳನ ರೋಧದ ಏಕಮಾನಕ್ಕೆ ಅವರ ಹೆಸರನ್ನು ಒಪ್ಪಿತು.

ಮುಂದಿನ ಸಲ ಗ್ರಾಫ್‌ನ ಚುಕ್ಕಿಗಳು ಸರಳರೇಖೆಯ ಮೇಲೆ ಕೂರದಿದ್ದರೆ ಓದುಗಳನ್ನು ತಿದ್ದಲು ಹೋಗಬೇಡಿ. ಮೊದಲು ಕೋಶ, ಕೀಲಿ, ತಂತಿಯ ಬಿಸಿ ನೋಡಿ. ಪರೀಕ್ಷೆಯ ಪ್ರಶ್ನೆ ಅಲ್ಲಿಂದಲೂ ಬರಬಹುದು.